ಮುದ್ದಯ್ಯನ ಬೋಟಿಗೆ ವಾರ್ನಿಶ್

ನನ್ನ ತಮ್ಮ ಮುದ್ದಯ್ಯ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವನು. ನಾಲೆಯ ತೂಬು ಎತ್ತುವುದು, ಇಳಿಸುವುದು, ನೀರು ಸಿಕ್ಕವರಿಂದ ಹೊಗಳಿಸಿಕೊಳ್ಳುವುದು, ಸಿಗದವರಿಂದ ಬೈಸಿಕೊಳ್ಳುವುದು, ಇಷ್ಟು ಅವನ ಉದ್ಯೋಗ. ಅಷ್ಟು ವರ್ಷ ನೀರಿನ ಪಕ್ಕದಲ್ಲೇ ಬದುಕಿದರೂ ಈಜು ಕಲಿಯಲಿಲ್ಲ. ಕೇಳಿದರೆ, "ನೀರು ನನ್ ಮಾತ್ ಕೇಳ್ಬೇಕು ಕಣಕ್ಕ, ನಾನ್ಯಾಕೆ ಅದ್ರೊಳಕ್ಕೆ ಇಳೀಲಿ?" ಎನ್ನುತ್ತಿದ್ದ. ಅಂಥವನು ನಿವೃತ್ತಿಯಾದ ಮೂರನೇ ತಿಂಗಳಿಗೆ ಹರಾಜಿನಲ್ಲಿ ಕೂಗಿ ಒಂದು ಬೋಟು ತಂದ.

ಹರಿಗೋಲಲ್ಲ, ತೆಪ್ಪವಲ್ಲ, ಬೋಟು. ಮೇಲೆ ಸೂರು, ಪಕ್ಕಕ್ಕೆ ಕಿಟಕಿ, ಒಳಗೆ ಎದುರುಬದುರು ಎರಡು ಬೆಂಚು, ಕಾಲಿಗೆ ತೇಗದ ಹಲಗೆಯ ನೆಲ. ಹಿಂದೆ ದೊಡ್ಡ ಎಂಜಿನಿಯರುಗಳು ಅದರಲ್ಲಿ ಕುಳಿತು ಕನ್ನಂಬಾಡಿ ಹಿನ್ನೀರು ನೋಡಿಕೊಂಡು ಬರುತ್ತಿದ್ದರಂತೆ. ಟ್ರಾಕ್ಟರಿನ ಮೇಲೆ ಅದು ನಮ್ಮ ಬೀದಿಗೆ ಬಂದ ದಿನ, ಕರು ಹಾಕುತ್ತಿದ್ದ ಹಸುವನ್ನೂ ಬಿಟ್ಟು ಜನ ನೋಡಲು ಓಡಿಬಂದರು.

ಬೋಟು ಯಾಕೆ ಎಂದರೆ, ಅವನ ಹೆಂಡತಿ ವರಲಕ್ಷ್ಮಮ್ಮನ ತವರು ನಮ್ಮೂರಿನ ನೇರ ಎದುರಿಗೆ, ಹಿನ್ನೀರಿನ ಆಚೆ ದಡದಲ್ಲಿದೆ. ನಮ್ಮದು ಪಾಂಡವಪುರ ತಾಲ್ಲೂಕು, ಅದು ಕೆ.ಆರ್. ಪೇಟೆ. ಅಲ್ಲಿ ಮದುವೆಗೆ ಮೈಕು ಹಾಕಿದರೆ ಹಾಡು ನಮ್ಮ ಅಡುಗೆಮನೆಗೆ ಕೇಳುತ್ತದೆ. ಆದರೆ ಆ ಮದುವೆಗೆ ಹೋಗಬೇಕಾದರೆ ಎರಡು ಬಸ್ಸು, ಒಂದು ಆಟೋ. ಕೋಳಿ ಕೂಗಿದಾಗ ಹೊರಟವರು ಧಾರೆ ಮುಗಿದ ಮೇಲೆ ಎಲೆಗೆ ಸೇರುತ್ತಾರೆ. ಬೋಟಿನಲ್ಲಿ ಕಾಲು ಗಂಟೆ. ನಮ್ಮೂರಿನ ಅರ್ಧಕ್ಕರ್ಧ ನೆಂಟಸ್ತಿಕೆ ಆ ದಡದಲ್ಲೇ ಇರುವುದರಿಂದ ಜನಕ್ಕೂ ಅನುಕೂಲ ಎಂಬುದು ಮುದ್ದಯ್ಯನ ಲೆಕ್ಕಾಚಾರ.

"ನಾನ್ ಕೇಳಿದ್ನಾ ಬೋಟು? ಮೂವತ್ತಾರು ವರ್ಸದಲ್ಲಿ ಒಂದ್ ದಿನ ಬಾಯ್ಬುಟ್ಟು ಕೇಳಿದ್ನಾ ಅತ್ಗೆ, ನೀವೇ ಯೋಳಿ!" ಎಂದು ವರಲಕ್ಷ್ಮಮ್ಮ ನನ್ನನ್ನು ಸಾಕ್ಷಿಗೆ ಕರೆದಳು. ಕೇಳಿರಲಿಲ್ಲ. ಸಂಜೆ ಹಾಲು ಕರೆದು ಬಂದು ಜಗಲಿಯ ಮೇಲೆ ಕೂತು ಆಚೆ ದಡ ನೋಡುತ್ತಿದ್ದಳು, ಅಷ್ಟೇ.

ಜನರನ್ನು ಕೂರಿಸಿಕೊಂಡು ಬೋಟು ಬಿಡಬೇಕಾದರೆ ಪರ್ಮಿಟ್ ಬೇಕು. ತಪಾಸಣೆಗೆ ಬಂದ ಸಾಹೇಬರು ತಳ ಬಡಿದು ನೋಡಿದರು, ಗಟ್ಟಿ. ಇಂಜಿನ್ನು ಶುರು ಮಾಡಿಸಿದರು, ಆಯಿತು. ತೇಲುವ ಜಾಕೆಟ್ಟು ಎಣಿಸಿದರು, ಸರಿ. ಕೊನೆಗೆ ಒಳನೆಲದ ಹಲಗೆಯ ಸಂದು ನೋಡಲು ಮೊಣಕಾಲೂರಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಮನೆ ಕಟ್ಟಿದಾಗ ಬಾಗಿಲಿಗೆ ಬಳಿದು ಮಿಕ್ಕಿದ್ದ ಒಂಬತ್ತು ವರ್ಷದ ವಾರ್ನಿಶ್ ಡಬ್ಬ ಅಟ್ಟದಲ್ಲಿತ್ತು. ಸಾಹೇಬರು ಬರುತ್ತಾರೆಂದು ಹಿಂದಿನ ದಿನ ಮುದ್ದಯ್ಯ ಅದನ್ನೇ ನೆಲಕ್ಕೆಲ್ಲ ಹಚ್ಚಿ, ನೀರಿನ ತೇವಕ್ಕೆ ಅಲ್ಲಲ್ಲಿ ಮೊಸರಿನ ಹಾಗೆ ಬೆಳ್ಳಗಾದದ್ದನ್ನು ಹೊಳಪು ಎಂದು ತಿಳಿದಿದ್ದ. ಅದರ ಅಂಟು ಇನ್ನೂ ಆರಿರಲಿಲ್ಲ. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದ ಮೇಲೆ ಸಾಹೇಬರು ಎದ್ದರು. ಅವರ ಮೊಣಕಾಲಿನ ಜೊತೆ ನೆಲದ ಸಿಪ್ಪೆಯೂ ಎದ್ದಿತು. ಒಳ್ಳೆಯ ಮನುಷ್ಯ, ರೇಗಲಿಲ್ಲ.

"ಮುದ್ದಯ್ಯನೋರೇ, ಮಿಕ್ಕಿದ್ದೆಲ್ಲ ಸರಿ ಇದೆ. ಈ ನೆಲ ನೀರು ಬಿದ್ರೆ ಕೀಳಬಾರದು, ಜನ ಓಡಾಡಿದ್ರೆ ಸವೀಬಾರದು, ಕಾಲು ಜಾರಬಾರದು. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಬರ್ತೀನಿ. ಆವತ್ತೂ ಹೀಗೇ ಇದ್ರೆ ಪರ್ಮಿಟ್ ಕೊಡೋಕಾಗಲ್ಲ" ಎಂದು ಹೇಳಿ, ಮೊಣಕಾಲಿಗೆ ಹಳೇ ಪೇಪರು ಮೆತ್ತಿಕೊಂಡು ಜೀಪು ಹತ್ತಿದರು.

ಆ ಸಂಜೆಯೇ ವರಲಕ್ಷ್ಮಮ್ಮನ ತೀರ್ಪು ಬಂತು. "ಇಪ್ಪತ್ತಕ್ಕೆ ಪಾಸಾಗ್ನಿಲ್ಲ ಅಂದ್ರೆ ಬೋಟು ಕುಳ್ಳಯ್ಯನ ಆಲೆಮನೆ ಒಲೆಗೆ. ಊರೋರೆಲ್ಲ ನಗೋದ ನೋಡ್ಕೊಂಡು ಬಾಳಾಟ ಮಾಡಕ್ಕೆ ನನ್ ಕೈಲಾಗಲ್ಲ."

ಮುದ್ದಯ್ಯ ರೋಷದಲ್ಲಿ, "ಆಗ್ಲಿ! ನಾನೇ ಕಡ್ದು ಕೊಡ್ತೀನಿ!" ಎಂದುಬಿಟ್ಟ. ಆಡಿದ್ದು ಡೇರಿಯ ಮುಂದೆ. ಅಲ್ಲಿ ಆಡಿದ ಮಾತು ಹಾಲಿನ ವ್ಯಾನಿಗಿಂತ ಮೊದಲು ಊರೆಲ್ಲ ಸುತ್ತುತ್ತದೆ. ಮಾರನೆಯ ಬೆಳಿಗ್ಗೆ ಬೆಲ್ಲ ಕಾಸುವ ಕುಳ್ಳಯ್ಯ ಬಂದು, ಬೋಟಿನ ಸುತ್ತ ನಡೆದು, ಮೊಳ ಹಾಕಿ ಅಳೆದ.

"ಮೂರು ಕೊಪ್ಪರಿಗೆ ಬೆಲ್ಲ ಆಯ್ತದೆ ಕಣಣ್ಣ," ಎಂದ. ಆಮೇಲೆ ಮುದ್ದಯ್ಯನ ಮುಖ ನೋಡಿ, ಸಮಾಧಾನಕ್ಕೆಂದು, "ತೇಗ ಅಲ್ವಾ, ಒಳ್ಳೆ ಬಣ್ಣ ಬತ್ತದೆ," ಎಂದೂ ಸೇರಿಸಿದ.

ಮುದ್ದಯ್ಯ ಪಾಂಡವಪುರದ ಬಣ್ಣದ ಅಂಗಡಿಗೆ ಹೋದ. ಚೀಲ ಹಿಡಿಯಲು ನಾನೂ ಹೋಗಿದ್ದೆ.

"ಒಳಗಡೆ ಬಳಿಯೋಕಾ, ಹೊರಗಡೆ ಬಳಿಯೋಕಾ?" ಎಂದ ಅಂಗಡಿಯವನು.

"ಒಳಗಡೆ."

"ಅಂಗಾರೆ ಇದು ತಗೊಳ್ಳಿ. ಬಿಸ್ಲು, ಮಳೆ ಬೀಳೋದಿಲ್ವಲ್ಲ."

"ಬೀಳ್ತದೆ."

"ಮನೆ ಸೋರ್ತದಾ?"

"ಮನೆ ಅಲ್ಲ, ಬೋಟು."

"ಬೋಟಾ? ಅಂಗಂದ್ರೆ ಹೊರಗಡೇದು ಬೇಕು."

"ಬೋಟಿನ ಒಳಗಡೆ ಕಣಪ್ಪ ನಾನ್ ಕೇಳ್ತಿರೋದು."

"ಬೋಟು ಎಲ್ಲಿರ್ತದೆ?"

"ನೀರ್ ಮೇಲೆ."

"ನೀರು ಎಲ್ಲಿರ್ತದೆ?"

ಮುದ್ದಯ್ಯ ಸತ್ಯವಂತ. "ಬೋಟಿನ ಕೆಳಗೆ," ಎಂದವನು, ಸ್ವಲ್ಪ ತಡೆದು, "ವಸಿ ಒಳಗೂ ಬತ್ತದೆ," ಎಂದ.

ಅಂಗಡಿಯವನು ಎರಡು ಡಬ್ಬಗಳನ್ನೂ ಕಪಾಟಿಗೆ ವಾಪಸು ಇಟ್ಟ. "ಯಜಮಾನ್ರೇ, ನೀವು ಒಳಗೋ ಹೊರಗೋ ಅಂತ ಮನೇಲಿ ಮಾತಾಡ್ಕೊಂಡು ಬನ್ನಿ." ಕೊನೆಗೆ ಹೇಗೋ ಪೀಠೋಪಕರಣಕ್ಕೆ ಹಚ್ಚುವ ಒಂದು ಚಿಕ್ಕ ಡಬ್ಬ ಕೊಟ್ಟು ಸಾಗಹಾಕಿದ.

ನಾಗಮಂಗಲದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ನಮ್ಮ ನೆಂಟನೊಬ್ಬನಿದ್ದಾನೆ. ಅವನು ಫೋನಿನಲ್ಲೇ ನಕ್ಕು, ಲಾರಿ ಹಲಗೆಗೆ ಹೊಡೆಯುವ ವಾರ್ನಿಶ್ ಅರ್ಧ ಡಬ್ಬ ಬಸ್ಸಿನಲ್ಲಿ ಕಳಿಸಿಕೊಟ್ಟ. ಶ್ರೀರಂಗಪಟ್ಟಣದ ಅಂಗಡಿಯವನು ಎರಡು ಡಬ್ಬ ಕೊಟ್ಟು, "ಇದೂ ಅದೂ ಬೆರೆಸಿ, ಎರಡು ಗಂಟೆಯೊಳಗೆ ಹಚ್ಚಿ ಮುಗಿಸ್ಬೇಕು. ಆಮೇಲೆ ಕಲ್ಲಾಗ್ಬುಡ್ತದೆ," ಎಂದ. ನಮ್ಮೂರ ಬಡಗಿ ಪುಟ್ಟಸ್ವಾಮಿ ಆಚಾರಿಗೆ ಇವು ಯಾವುವೂ ಹಿಡಿಸಲಿಲ್ಲ. "ಮರ ಉಸಿರಾಡ್ಬೇಕು ಮುದ್ದಣ್ಣ. ಡಬ್ಬದ್ದು ಬಳಿದ್ರೆ ಅದರ ಮೂಗು ಮುಚ್ಚಿದಂಗೆ. ಅಗಸೆ ಎಣ್ಣೆ ಕುಡಿಸು, ಸಾಕು."

ನಾಲ್ಕು ಜನ, ನಾಲ್ಕು ಮಾತು. ತಾರೀಕು ನಾಲ್ಕು. ಮುದ್ದಯ್ಯ ಎರಡು ದಿನ ಊಟ ಸೇರದೆ ಯೋಚಿಸಿ, ಮೂರನೆಯ ದಿನ ವಿಜ್ಞಾನಿಯಾದ.

"ಅಕ್ಕ, ನಾಕು ಅಲಗೆ ಮಾಡ್ಸ್ತೀನಿ. ಒಂದೊಂದಕ್ಕೆ ಒಂದೊಂದು ಬಳ್ದು, ಜನ ಜಾಸ್ತಿ ಓಡಾಡೋ ಕಡೆ ಮಡಗ್ತೀನಿ. ಯಾವ್ದು ತುಳ್ದ್ರೂ ಸವೆಯಲ್ವೋ ಅದೇ ಬೋಟಿಗೆ. ಎಂಗೆ?"

ಅವನ ಅರವತ್ತೊಂದು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತಿಕೆಯ ಮಾತು ಅದು. ಅನಾಹುತ ಅಲ್ಲಿಂದಲೇ ಶುರುವಾಯಿತು.

ಹಲಗೆ ಮಾಡಿಕೊಡು ಎಂದು ಪುಟ್ಟಸ್ವಾಮಿ ಆಚಾರಿಗೆ ಹೇಳಿದ. ಬರೀ ಹಲಗೆ ಕೊಯ್ದು ಕೊಡುವುದೆಂದರೆ ಆಚಾರಿಯ ಕೈಗೆ ಅವಮಾನ. ಮೇಲ್ಮೈ ಕನ್ನಡಿಯ ಹಾಗೆ ಉಜ್ಜಿದ. ಮೂಲೆಗಳನ್ನು ಗುಂಡಗೆ ತಿರುಗಿಸಿದ. ಬಾಗಬಾರದೆಂದು ಅಡಿಗೆ ಎರಡೆರಡು ಪಟ್ಟಿ ಹೊಡೆದ. ಮುದ್ದಯ್ಯ ನಾಲ್ಕಕ್ಕೂ ನಾಲ್ಕು ಥರ ಹಚ್ಚಿ ಒಣಗಿಸಿ, ಗುರುತಿಗೆ ಕೆಂಪು ಬಣ್ಣದಲ್ಲಿ ಒಂದಕ್ಕೆ ಒಂದು ಚುಕ್ಕಿ, ಎರಡನೆಯದಕ್ಕೆ ಎರಡು, ಹೀಗೆ ಇಟ್ಟ. ಡೇರಿ ಕಾರ್ಯದರ್ಶಿ ತನುಶ್ರೀ ಬಾಗಿಲು ತೆಗೆಯುವ ಮೊದಲೇ ಹೋಗಿ, ಹೊಸ್ತಿಲಿನ ಮುಂದೆ ನಾಲ್ಕನ್ನೂ ಸಾಲಾಗಿ ಜೋಡಿಸಿ, ಎದುರಿನ ಕಲ್ಲಿನ ಮೇಲೆ ನೋಟ್‌ಬುಕ್ಕು ಹಿಡಿದು ಕುಳಿತ. ಬೆಳಿಗ್ಗೆ ನೂರಿಪ್ಪತ್ತು ಜನ, ಸಂಜೆ ನೂರಿಪ್ಪತ್ತು ಜನ, ಒಬ್ಬರಿಗೆ ಎರಡು ಕಾಲು.

ಮೊದಲು ಬಂದವಳು ಊರಿಗೆ ಹಿರಿಯಳಾದ ಮಾದಮ್ಮ. ಕ್ಯಾನು ಹಿಡಿದು ಬಂದವಳು ಗಕ್ಕನೆ ನಿಂತಳು. ಚಪ್ಪಲಿ ಬಿಟ್ಟಳು. ಮೊದಲನೆಯ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಗೋಡೆಗೆ ಒರಗಿ ಒರಗಿ ಪಕ್ಕದಿಂದ ಒಳಗೆ ಹೋದಳು.

"ಯಾರ್ದು ಮದ್ವೆ ಕಣ್ಲಾ ಮುದ್ದ? ಅಸೆಮಣೆ ಬಲೇ ಚೆನ್ನಾಗವೆ!"

"ಮಣೆ ಅಲ್ಲ ಕಣವ್ವ, ಅಲಗೆ."

"ಮಣೆ ನೋಡ್ದೋಳಲ್ವಾ ನಾನು?"

ಅವಳ ಹಿಂದೆ ಬಂದವರೆಲ್ಲ ಅವಳು ಮಾಡಿದಂತೆಯೇ ಮಾಡಿದರು. ಹೊಳೆಯುವ, ಮೂಲೆ ತಿರುಗಿಸಿದ, ಅಡಿಗೆ ಪಟ್ಟಿ ಇರುವ ಹಲಗೆಯನ್ನು ಕಾಲಿನಲ್ಲಿ ತುಳಿಯುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮಣೆ ಇರುವುದು ಮದುಮಕ್ಕಳಿಗೆ, ದೇವರಿಗೆ. ಸಂಜೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಇದ್ದದ್ದು: ಒಂದನೇ ಹಲಗೆ ಸೊನ್ನೆ, ಎರಡನೇ ಹಲಗೆ ಸೊನ್ನೆ, ಮೂರನೇ ಹಲಗೆ ಒಂದು ಕೋಳಿ, ನಾಲ್ಕನೇ ಹಲಗೆ ಸೊನ್ನೆ. ಮಾರನೆಯ ಬೆಳಿಗ್ಗೆ ಮೂರನೆಯದರ ಮೇಲೆ ಯಾರೋ ಎರಡು ಕನಕಾಂಬರ ಇಟ್ಟಿದ್ದರು.

ಮುದ್ದಯ್ಯನಿಗೆ ತಡೆಯಲಾಗಲಿಲ್ಲ. ಕಲ್ಲಿನಿಂದೆದ್ದು ಬಾಗಿಲಲ್ಲಿ ನಿಂತ.

"ತುಳೀರವ್ವ! ನಿಮ್ ದಮ್ಮಯ್ಯ ಅಂತೀನಿ, ತುಳ್ಕೊಂಡೋಗಿ! ಪಕ್ಕದಲ್ ಓಗ್ಬೇಡಿ! ಚಪ್ಪಲಿ ಆಕ್ಕೊಂಡೇ ತುಳೀರಿ, ಚೆನ್ನಾಗ್ ಉಜ್ಜಿ ತುಳೀರಿ!"

ಜನ ನಿಂತಲ್ಲೇ ನಿಂತರು. ಮೂರು ದಾರಿ ಕೂಡುವ ಕಡೆ ಯಾರೋ ಇಟ್ಟುಹೋದ ನಿಂಬೆಹಣ್ಣು ತುಳಿದರೆ, ಇಟ್ಟವರ ಕಷ್ಟ ತುಳಿದವರ ಮನೆ ಸೇರುತ್ತದೆ ಎಂಬುದು ಇಲ್ಲಿ ಮಾತು ಬಾರದ ಮಗುವಿಗೂ ಗೊತ್ತು. ಆದರೂ ನಿಂಬೆಹಣ್ಣು ಇಟ್ಟವರು ಮರೆಯಾಗಿ ಹೋಗುತ್ತಾರೆ. ಪಕ್ಕದಲ್ಲೇ ನಿಂತು ತುಳಿಯಿರಿ ಎಂದು ಕೈಮುಗಿಯುವವನನ್ನು ಯಾರೂ ಕಂಡಿರಲಿಲ್ಲ.

ಚಿಕ್ಕಮಾದಯ್ಯ ಕ್ಯಾನು ಕೆಳಗಿಟ್ಟ. ಎರಡು ಎತ್ತು, ಮೂರು ಹಸು ಕಟ್ಟಿದ ಮನುಷ್ಯ. ಅನುಮಾನ ಅವನಿಗೆ ಊಟಕ್ಕಿಂತ ರುಚಿ. "ನಾಕು ಮಣೆ. ಒಂದ್ ಚುಕ್ಕಿ, ಎಲ್ಡ್ ಚುಕ್ಕಿ, ಮೂರು, ನಾಕು. ಅದೂ ಕೆಂಪ್‌ಗೆ. ಅದೂ ಬಾಗ್ಲಲ್ಲಿ. ಏನ್ಲಾ ಮುದ್ದ ಇದು?"

"ವಾರ್ನಿಶ್ ಪರೀಕ್ಸೆ ಕಣ್ಲಾ!"

"ವಾರ್ನಿಶ್ ಬಳ್ಯೋನು ಬೋಟಿಗೆ ಬಳೀತಾನೆ. ಡೇರಿ ಬಾಗ್ಲಿಗೆ ಯಾಕ್ ತತ್ತಾನೆ?"

ಈ ಪ್ರಶ್ನೆಗೆ ಉತ್ತರವಿತ್ತು; ಆದರೆ ಮುದ್ದಯ್ಯ ಉತ್ತರ ಹೇಳಲು ಶುರು ಮಾಡಿದರೆ ನೀರುಗಂಟಿಯಾದ ದಿನದಿಂದ ಶುರು ಮಾಡುತ್ತಾನೆ. ಅವನು ಇನ್ನೂ ಮೊದಲನೇ ತೂಬಿನ ಹತ್ತಿರ ಇರುವಾಗಲೇ ಜನ ಚದುರಿದರು. ಆ ಸಂಜೆ ಚಿಕ್ಕಮಾದಯ್ಯನ ಹಸು ಒದ್ದು ಅರ್ಧ ಬಕೆಟ್ಟು ಹಾಲು ಚೆಲ್ಲಿತು. ಅದು ದಿನಾ ಒದೆಯುವ ಹಸು. ಆದರೂ ಮುದ್ದಯ್ಯನದು ಮಾಟವೇ ಎಂದು ತೀರ್ಮಾನವಾಗಲು ಅಷ್ಟು ಸಾಕಾಯಿತು.

ಮರುದಿನ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಎಲ್ಲರೂ ಹಿಂದಿನ ಕಿಟಕಿಯ ಹತ್ತಿರ ಸಾಲು ನಿಂತು ಕ್ಯಾನು ಚಾಚಿದರು.

"ಕಿಟಕೀಲಿ ಹಾಲು ತಗೊಳ್ಳೋಕೆ ರೂಲ್ಸಿಲ್ಲ!" ಎಂದು ತನುಶ್ರೀ ಒಳಗಿನಿಂದ ಕೂಗಿದಳು.

"ರೂಲ್ಸು ನಿಂಗೆ, ಅಸು ನಮ್ಗೆ. ಇಡ್ಕೊಳವ್ವ!"

"ಮುದ್ದಯ್ಯಣ್ಣ, ಆ ಹಲಗೆ ತೆಗೀರಿ, ದಯವಿಟ್ಟು. ಮೇಲಿನೋರು ಕೇಳಿದ್ರೆ ನಾನೇನು ಬರೀಲಿ?"

ಮುದ್ದಯ್ಯ ತೆಗೆಯಲು ಬಗ್ಗಿದ್ದೇ ತಡ, ಚಿಕ್ಕಮಾದಯ್ಯ ಅಡ್ಡ ಬಂದ. "ಮುಟ್ಬೇಡ! ಮಡಗ್ದೋನೇ ಎತ್ತುದ್ರೆ ಅದು ಗಟ್ಟಿ ಆಗ್ಬುಡ್ತದೆ!" ಬೇರೆಯವರು ಎತ್ತಿ ಎಂದರೆ ಬೇರೆಯವರು ಮುಟ್ಟುವುದಿಲ್ಲ. ಹೀಗಾಗಿ ನಾಲ್ಕು ಹಲಗೆಗಳು ಯಾರೂ ತುಳಿಯದ, ಯಾರೂ ಎತ್ತದ ಸ್ಥಿತಿಯಲ್ಲಿ ಡೇರಿಯ ಬಾಗಿಲನ್ನು ಕಾಯತೊಡಗಿದವು.

ಸುದ್ದಿ ಕೇಳಿ ವರಲಕ್ಷ್ಮಮ್ಮ ಬಂದಳು. ಸೆರಗು ಸಿಕ್ಕಿಸಿಕೊಂಡೇ ಬಂದಳು. ಗಂಡನಿಗೆ ಬೈಯುತ್ತಾಳೆಂದು ಎಲ್ಲರೂ ಸ್ವಲ್ಪ ಜಾಗ ಬಿಟ್ಟುಕೊಟ್ಟರು. ಅವಳು ಚಿಕ್ಕಮಾದಯ್ಯನ ಮುಂದೆ ನಿಂತಳು.

"ಮಾಟ ಮಾಡವ್ನೆ ಅಂದ್ಯಂತೆ. ನನ್ ಗಂಡಂಗೆ ಮಾಟ ಮಾಡೋವಷ್ಟು ಬುದ್ಧಿ ಇದ್ದಿದ್ರೆ ನಾನ್ಯಾಕೆ ಇಂಗಿರ್ತಿದ್ದೆ? ವಸಿ ಯೋಚ್ನೆ ಮಾಡಿ ಮಾತಾಡು!"

ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಇರಲಿಲ್ಲ. ಅರ್ಧ ಜನ ತಲೆ ಆಡಿಸಿದರು. ಮಿಕ್ಕ ಅರ್ಧ ಮಾದಮ್ಮನ ಕಡೆ ನೋಡಿದರು. ಮಾದಮ್ಮ ಇಬ್ಬರಿಗೂ ನೋವಾಗದಂತೆ ತೀರ್ಪು ಕೊಟ್ಟಳು.

"ಇರ್ಲಿ. ಇದ್ರೂ ಓಯ್ತದೆ, ಇಲ್ದಿದ್ರೂ ಓಯ್ತದೆ. ಭಾನ್ವಾರ ಬೆಳಿಗ್ಗೆ ಬಿಸ್ನೀರು, ಉಪ್ಪು, ಅರಿಶ್ನ, ಸುಣ್ಣ, ಉಳಿ ಮಜ್ಜಿಗೆ ಉಯ್ದು ತೊಳ್ದು, ತೆಂಗಿನಕಾಯಿ ಒಡ್ದು, ಊರ್ ದನಾನೆಲ್ಲ ಮೂರ್ ಸುತ್ತು ತುಳಿಸ್ಬುಡಿ. ದನ ತುಳಿದ್ ಮೇಲೆ ಯಾವ್ ಮಾಟನೂ ನಿಲ್ಲಲ್ಲ."

ಭಾನುವಾರ ಊರೇ ಸೇರಿತು. ಮುದ್ದಯ್ಯ ಎದುರಿನ ಕಲ್ಲಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ತಾರೀಕು ಹನ್ನೆರಡು. ಯಾವ ವಾರ್ನಿಶ್ ಎಂದು ಗೊತ್ತಿಲ್ಲ; ಗೊತ್ತು ಮಾಡಿಕೊಳ್ಳುವ ದಾರಿಯನ್ನು ಇವರು ಈಗ ತೊಳೆದುಹಾಕುತ್ತಿದ್ದಾರೆ. ಕುಳ್ಳಯ್ಯ ಪಾಪ ಅಂತ ಅವನ ಪಕ್ಕ ಕುಳಿತು ಒಂದು ಅಚ್ಚು ಬೆಲ್ಲ ಕೊಟ್ಟ. ಮುದ್ದಯ್ಯ ಅದನ್ನು ತಿನ್ನಲಾರದೆ ಹಿಡಿದುಕೊಂಡಿದ್ದ.

ಹಂಡೆಗಟ್ಟಲೆ ಕುದಿಯುವ ನೀರು ಸುರಿದರು. ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದರು. ಸುಣ್ಣ, ಅರಿಶಿನ ಮೆತ್ತಿದರು. ಹುಳಿ ಮಜ್ಜಿಗೆ ಹುಯ್ದರು. ಒಂದೊಂದರ ಮೇಲೆ ಎರಡೆರಡು ತೆಂಗಿನಕಾಯಿ ಅಪ್ಪಳಿಸಿದರು. ಆಮೇಲೆ ದನ ಬಂದವು: ಹಸು, ಎಮ್ಮೆ, ಕರು, ಲಾಳ ಹೊಡೆಸಿದ ಚಿಕ್ಕಮಾದಯ್ಯನ ಎತ್ತುಗಳು, ಒಟ್ಟು ಎಂಬತ್ತಾರು. ದನಗಳಿಗೆ ಮಣೆಯ ಮರ್ಯಾದೆ ಗೊತ್ತಿಲ್ಲ. ಮೂರು ಸುತ್ತು ತುಳಿದವು, ಸಗಣಿ ಹಾಕಿದವು, ಒಂದು ಎಮ್ಮೆ ಎರಡನೇ ಹಲಗೆಯ ಮೇಲೆ ಮಲಗಿಯೂ ಬಿಟ್ಟಿತು.

ಕೊನೆಗೆ ನೀರು ಹಾಕಿ ತೊಳೆದು, ದೋಷ ಹೋಯಿತೇ ಎಂದು ನೋಡಲು ಮಾದಮ್ಮ ಬಗ್ಗಿದಳು.

"ಒಂದ್ನೇದು ಬೆಳ್ಳಗಾಗದೆ. ಓಯ್ತು." ಪಾಂಡವಪುರದ ಡಬ್ಬ. "ಎಲ್ಡ್ನೇದು ಕಳ್ಳೆಕಾಯ್ ಸಿಪ್ಪೆ ಅಂಗೆ ಎದ್ದದೆ. ಓಯ್ತು." ನಾಗಮಂಗಲದ ಲಾರಿ. "ನಾಕ್ನೇದು ಅರಿಶ್ನ ಕುಡ್ದು ಮದ್ವಣಗಿತ್ತಿ ಆಗದೆ. ಅದೂ ಓಯ್ತು." ಆಚಾರಿಯ ಅಗಸೆ ಎಣ್ಣೆ. ಪುಟ್ಟಸ್ವಾಮಿ ಆಚಾರಿ ಆಕಾಶ ನೋಡಿದ.

ಮೂರನೆಯದನ್ನು, ಶ್ರೀರಂಗಪಟ್ಟಣದ ಎರಡು ಡಬ್ಬದ್ದನ್ನು, ಸೆರಗಿನಲ್ಲಿ ಒರೆಸಿದಳು. ಒರೆಸಿದವಳು ಬೆಚ್ಚಿ ಹಿಂದಕ್ಕೆ ಸರಿದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

"ಅಯ್ಯೋ! ಇದ್ರದು ಓಗಿಲ್ಲ ಕಣ್ರಪ್ಪೋ! ಮಾಟ ಇದ್ರೊಳಗೇ ಕುಂತದೆ!"

ಮುದ್ದಯ್ಯ ಕಲ್ಲಿನಿಂದ ಚಿಮ್ಮಿದ. ಜನರನ್ನು ತಳ್ಳಿಕೊಂಡು ಬಂದು, ಮೂರು ಚುಕ್ಕಿ ನೋಡಿ, ಮೇಲೆ ಕೈಯಾಡಿಸಿ, ಬೆಲ್ಲ ಹಿಡಿದ ಕೈ ಮೇಲಕ್ಕೆತ್ತಿ ಕೂಗಿದ. "ಇನ್ನೊಂದ್ ಸಲ ತುಳಿಸ್ರೋ! ಇನ್ನೊಂದ್ ಅಂಡೆ ಬಿಸ್ನೀರ್ ಉಯ್ಯಿರಿ! ಚಿಕ್ಕಮಾದಯ್ಯ, ನಿನ್ ಎತ್ತು ಇಡ್ಕೊಂಡ್ ಬಾರ್ಲಾ, ನನ್ನಪ್ಪ!"

ಜನ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಹೋದರು. ಮೊದಲು ಅರ್ಥವಾದದ್ದು ಕುಳ್ಳಯ್ಯನಿಗೆ. ಅವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತ. "ಲೇ, ನಾವೆಲ್ಲ ಸೇರಿ ಇವ್ನ್ ಪರೀಕ್ಸೆ ಬರ್ದುಕೊಟ್ಬುಟ್ಟೊ ಕಣ್ರಲಾ!"

ನಗು ಕುಳ್ಳಯ್ಯನಿಂದ ತನುಶ್ರೀಗೆ, ಅಲ್ಲಿಂದ ಊರಿಗೆಲ್ಲ ಹಬ್ಬಿತು. ಚಿಕ್ಕಮಾದಯ್ಯ ನಗಲಿಲ್ಲ, ಆದರೆ ಎತ್ತು ಹಿಡಿದುಕೊಂಡು ಬಂದ. ಎತ್ತು ಹಲಗೆಯ ಮೇಲೆ ಕಾಲಿಟ್ಟಿತು, ಸರ್ರನೆ ಜಾರಿತು.

ನಗು ನಿಂತಿತು. ನೀರಿಗೆ ಕೀಳದು, ತುಳಿದರೆ ಸವೆಯದು, ಆದರೆ ಕಾಲು ಜಾರುತ್ತದೆ. ಮುದ್ದಯ್ಯನ ಮುಖ ಮತ್ತೆ ಇಳಿಯುವ ಮೊದಲೇ ಪುಟ್ಟಸ್ವಾಮಿ ಆಚಾರಿ ಕೆಮ್ಮಿದ. ಸೋತದ್ದು ಅವನ ಎಣ್ಣೆ. ಅವನ ತಲೆ ಸೋತಿರಲಿಲ್ಲ. "ಹಸಿ ಇರೋವಾಗ್ಲೇ ಹೊಳೆ ಮರಳು ನುಣ್ಣಗೆ ಜರಡಿ ಹಿಡಿದು ಉದುರಿಸು. ಅದರ ಮೇಲೆ ಇನ್ನೊಂದು ಕೈ ತೆಳ್ಳಗೆ ಹಚ್ಚು. ಜಾರೋದಿಲ್ಲ."

ಹಳೆಯ ಸಿಪ್ಪೆ ಕೆರೆಯಲು ಹತ್ತು ಜನ ಬಂದರು. ಮಾದಮ್ಮ ಮರಳು ಜರಡಿ ಹಿಡಿದಳು. ತನುಶ್ರೀ ಎರಡು ಗಂಟೆಯ ಲೆಕ್ಕ ತನ್ನ ಮೊಬೈಲಿನಲ್ಲಿ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಕೂಗಿ ಹೇಳಿದಳು. ಒಂದು ಕೈ, ಒಣಗಲು ಒಂದು ದಿನ, ಉಪ್ಪುಕಾಗದದಲ್ಲಿ ಉಜ್ಜುವುದು, ಮತ್ತೊಂದು ಕೈ. ವರಲಕ್ಷ್ಮಮ್ಮ ಮಾತ್ರ ಆ ಕಡೆ ಬರಲಿಲ್ಲ. ಹತ್ತು ಜನರಿಗೂ ಮುದ್ದೆ ತೊಳಸಿ, ಸಾರು ಕಾಸಿ ಕಳಿಸಿದಳು, ಬೈದುಕೊಂಡೇ.

ಹಿಂದಿನ ದಿನವೇ ಬೋಟನ್ನು ನೀರಿಗಿಳಿಸಿ ದಡದ ಗೂಟಕ್ಕೆ ಕಟ್ಟಿದ್ದರು. ಇಪ್ಪತ್ತನೇ ತಾರೀಕು ಸಾಹೇಬರು ಬಂದರು. ಹಳೇ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಕುಳ್ಳಯ್ಯನೂ ಮಾತಿನಂತೆ ಟ್ರಾಕ್ಟರು ತಂದು ದಡದಲ್ಲಿ ನಿಲ್ಲಿಸಿದ್ದ, ಆದರೆ ಇಂಜಿನ್ನು ಆರಿಸಿ, ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಸಾಹೇಬರು ಒಂದು ಬಕೆಟ್ಟು ನೀರು ಸುರಿಸಿದರು. ನಡೆದರು. ಕಾಲು ಉಜ್ಜಿದರು. ಮೊಣಕಾಲೂರಿದರು. ಎದ್ದರು. ಎದ್ದಾಗ ದಡದ ಜನರೆಲ್ಲ ಉಸಿರು ಬಿಟ್ಟ ಸದ್ದು ಕೇಳಿಸಿತು. ಫಾರಂ ತೆಗೆದು, "ಒಳನೆಲದ ಲೇಪನ, ಪರೀಕ್ಷೆಯ ವಿವರ ಅಂತ ಒಂದು ಜಾಗ ಇದೆ. ಎಲ್ಲಿ ಪರೀಕ್ಷೆ ಮಾಡಿಸಿದ್ರಿ?" ಎಂದರು.

ಮುದ್ದಯ್ಯ ಕೈಕಟ್ಟಿ ನಿಂತ. "ಡೇರಿ ಬಾಗ್ಲಲ್ಲಿ ಸ್ವಾಮಿ. ಎಂಬತ್ತಾರು ದನ, ಮೂರ್ ಸುತ್ತು. ಅದ್ರಲ್ಲಿ ಲಾಳದ್ದು ಎಲ್ಡು. ಬಿಸ್ನೀರು ಆರು ಅಂಡೆ, ಉಪ್ಪು, ಅರಿಶ್ನ, ಸುಣ್ಣ, ಉಳಿ ಮಜ್ಜಿಗೆ, ಎಂಟು ತೆಂಗಿನಕಾಯಿ. ಒಂದ್ ಎಮ್ಮೆ ಮಲಗ್ತು ಸ್ವಾಮಿ, ಆದ್ರೆ ಅದು ಬೇರೆ ಅಲಗೆ."

ಸಾಹೇಬರ ಪೆನ್ನು ನಿಂತಿತು. ದಡದ ಕಡೆ ನೋಡಿದರು. ಇಡೀ ಊರು ಹೌದೆಂದು ತಲೆ ಆಡಿಸಿತು. ಚಿಕ್ಕಮಾದಯ್ಯ, "ಲಾಳದ್ದು ನಮ್ದೇ ಸಾರ್," ಎಂದ. ಸಾಹೇಬರು ಬಹಳ ಹೊತ್ತು ಯೋಚಿಸಿ ಬರೆದರು: 'ಸ್ಥಳೀಯವಾಗಿ, ಸಾರ್ವಜನಿಕರ ಸಮ್ಮುಖದಲ್ಲಿ. ತೃಪ್ತಿಕರ.'

ಜೀಪು ಹೋಯಿತು. ಆಗ ವರಲಕ್ಷ್ಮಮ್ಮ ದಡಕ್ಕೆ ಇಳಿದು ಬಂದಳು. ಹೊಸ ಸೀರೆ. ಕೈಯಲ್ಲಿ ಚೀಲ, ಚೀಲದಿಂದ ತವರಿನವರಿಗೆಂದು ಕಟ್ಟಿದ ಹೂವಿನ ಪೊಟ್ಟಣ ಇಣುಕುತ್ತಿತ್ತು. ಪಾಸಾಗುತ್ತದೋ ಇಲ್ಲವೋ ಗೊತ್ತಿಲ್ಲದಾಗಲೇ ಕಟ್ಟಿದ ಹೂವು ಅದು.

"ಅಂಗಾರೆ ಬೋಟು ಕಡ್ಯೋದು...?" ಎಂದು ಕುಳ್ಳಯ್ಯ ಕೇಳಿದ, ಕೇಳಬೇಕಲ್ಲ ಎಂದು.

"ನಿನ್ ಕೊಪ್ಪರಿಗೆ ಕಡ್ಕೊ ಓಗು!"

ಅವಳು ಒಳಗೆ ಹತ್ತಿದಳು. ಬೆಂಚಿನ ಮೇಲೆ ಕೂರಲಿಲ್ಲ. ನೆಲದ ಮೇಲೇ ಕಾಲು ಮಡಚಿ ಕುಳಿತು, ಅಂಗೈಯಿಂದ ಹಲಗೆಯನ್ನು ಒಮ್ಮೆ ಸವರಿದಳು. ಮುಖ ಆಚೆ ದಡಕ್ಕೆ. ಮುದ್ದಯ್ಯ ಜಾಕೆಟ್ಟು ಎರಡೆರಡು ಹಾಕಿಕೊಂಡು ಇಂಜಿನ್ನು ಶುರು ಮಾಡಿದ. ಬೋಟು ಗುಡುಗಿತು. ಹಿಂದೆ ನೀರು ನೊರೆನೊರೆಯಾಗಿ ಎದ್ದಿತು. ಊರೆಲ್ಲ ಚಪ್ಪಾಳೆ ಹೊಡೆಯಿತು. ಮುದ್ದಯ್ಯ ಎದೆ ಉಬ್ಬಿಸಿ, ದಡದ ಕಡೆ ಕೈ ಬೀಸುತ್ತ, "ಓಯ್ತಾವ್ನಿ ಅಕ್ಕ! ಓಯ್ತಾವ್ನಿ!" ಎಂದು ಕೂಗಿದ. ಹೀಗೆ ಐದು ನಿಮಿಷ ಕೂಗಿದ. ಬೋಟು ಇದ್ದಲ್ಲೇ ಇತ್ತು.

ವರಲಕ್ಷ್ಮಮ್ಮ ಹಿಂದಿರುಗಿ ನೋಡದೆ, ನನ್ನ ತಮ್ಮನ ಜೊತೆ ಮೂವತ್ತಾರು ವರ್ಷದಲ್ಲಿ ಅಷ್ಟು ಮೆತ್ತಗೆ ಒಂದು ಮಾತೂ ಆಡಿರದವಳು, ಹೇಳಿದಳು:

"ಅಗ್ಗ ಬಿಚ್ಚು."